ಸುರುಳಿಯ ಸೊಪ್ಪಿನ ಕಟ್ಟು

ಒಂದು ಕಲ್ಲುಗುಡ್ಡದ ಬುಡದಲ್ಲಿ ಒಂದು ಹಳ್ಳವಿತ್ತು. ಮಳೆ ಬಂದಾಗ ಅದರಲ್ಲಿ ನೀರು ಹರಿಯುತ್ತಿತ್ತು, ಉಳಿದ ದಿನ ಬರೀ ಮರಳು. ಹಳ್ಳದ ಆಚೆ ಗುಡ್ಡ, ಈಚೆ ಕಾಟಮ್ಮನ ಮನೆ. ಮನೆಯ ಮಗ್ಗುಲಲ್ಲಿ ಮುಳ್ಳುಬೇಲಿ ಹಾಕಿದ ರೊಪ್ಪ. ಆ ರೊಪ್ಪದಲ್ಲಿ ಕಾಟಮ್ಮನ ಐದು ಮೇಕೆಗಳು ಇರುತ್ತಿದ್ದವು.

ಐದೇ ಮೇಕೆ ತಾನೇ, ಅವು ಎಷ್ಟು ಜಗಳವಾಡಿಯಾವು ಎಂದು ನೀವು ಕೇಳಬಹುದು. ಮಕ್ಕಳೇ, ಮೇಕೆ ಸಾಕಿದವರು ಯಾರೂ ಹಾಗೆ ಕೇಳುವುದಿಲ್ಲ.

ಐದರಲ್ಲಿ ಹಿರಿಯದು ಕಪ್ಪಿ. ಮೈಯೆಲ್ಲ ಕಪ್ಪು, ಗಡ್ಡ ಮಾತ್ರ ಬಿಳಿ. ಉಳಿದವು ಅದನ್ನು ಕಪ್ಪಜ್ಜಿ ಎಂದು ಕರೆಯುತ್ತಿದ್ದವು. ಅದರ ನಂತರ ಸುರುಳಿ. ಸುರುಳಿಯ ಕೊಂಬುಗಳು ಹಿಂದಕ್ಕೆ ಸುತ್ತಿಕೊಂಡು ನೋಡಲು ಬಲು ಚೆನ್ನಾಗಿದ್ದವು, ಆ ಸಂಗತಿ ಸುರುಳಿಗೂ ಚೆನ್ನಾಗಿ ಗೊತ್ತಿತ್ತು. ಆಮೇಲೆ ಚುಕ್ಕಿ, ಆಮೇಲೆ ಕೆಂದಿ. ಎಲ್ಲರಿಗಿಂತ ಕೊನೆಯದು ಮೋಟಿ. ಅದರ ಕೊಂಬುಗಳು ನಿಮ್ಮ ಹೆಬ್ಬೆರಳಿನಷ್ಟು ಉದ್ದ. ಮೋಟಿ ಯಾರಿಗಾದರೂ ಗುದ್ದಿದರೆ ಅವರಿಗೆ ಕಚಗುಳಿ ಆಗುತ್ತಿತ್ತೇ ಹೊರತು ನೋವಾಗುತ್ತಿರಲಿಲ್ಲ.

ಈ ಸಾಲನ್ನು ನಾನು ಸುಮ್ಮನೆ ಹೇಳಲಿಲ್ಲ. ಮೇಕೆಗಳು ತಿನ್ನುವುದೂ ಮಲಗುವುದೂ ಇಂಥ ಸಾಲಿನ ಪ್ರಕಾರವೇ.

ಕಾಟಮ್ಮ ಬೆಳಿಗ್ಗೆ ರೊಪ್ಪದ ಬಾಗಿಲು ತೆಗೆದು ಹೊಲದ ಕೆಲಸಕ್ಕೆ ಹೋಗುತ್ತಿದ್ದಳು. ಮೇಕೆಗಳು ತಾವೇ ಹಳ್ಳ ದಾಟಿ ಗುಡ್ಡ ಹತ್ತಿ ಮೇಯುತ್ತಿದ್ದವು, ಸಂಜೆ ತಾವೇ ಮರಳುತ್ತಿದ್ದವು. ಅಷ್ಟು ಹೊತ್ತಿಗೆ ಕಾಟಮ್ಮ ಅಗಸೆ ಸೊಪ್ಪೋ ಬಸರಿ ಸೊಪ್ಪೋ ತಂದು, ಒಂದು ದೊಡ್ಡ ಕಟ್ಟು ಮಾಡಿ, ರೊಪ್ಪದ ಚಪ್ಪರದ ಗಳಕ್ಕೆ ಹಗ್ಗದಿಂದ ನೇತುಹಾಕಿರುತ್ತಿದ್ದಳು. ನೆಲಕ್ಕೆ ಹಾಕಿದರೆ ತುಳಿಯುತ್ತವೆ. ತುಳಿದ ಸೊಪ್ಪನ್ನು ಮೇಕೆ ಮೂಸಿಯೂ ನೋಡುವುದಿಲ್ಲ, ಅಷ್ಟು ಜಂಬ.

ಆ ಕಟ್ಟಿಗೆ ಮೊದಲು ಬಾಯಿ ಹಾಕುವುದು ಕಪ್ಪಿ. ಅದು ಯಾರಿಗೂ ಗುದ್ದುತ್ತಿರಲಿಲ್ಲ. ಯಾರಾದರೂ ಅವಸರ ಮಾಡಿದರೆ ತಲೆಯನ್ನು ಸ್ವಲ್ಪ ಓರೆ ಮಾಡಿ ನೋಡುತ್ತಿತ್ತು, ಅಷ್ಟಕ್ಕೇ ಅವರು ಹಿಂದೆ ಸರಿಯುತ್ತಿದ್ದರು. ಚಿಗುರು ಎಲೆ ನಾಲ್ಕು ಬಾಯಿ ತಿಂದು ಕಪ್ಪಿ ಪಕ್ಕಕ್ಕೆ ನಿಲ್ಲುತ್ತಿತ್ತು. ಆಮೇಲೆ ಸುರುಳಿ, ಚುಕ್ಕಿ, ಕೆಂದಿ. ಮೋಟಿಯ ಪಾಲಿಗೂ ದಂಟಿನ ಜೊತೆ ಒಂದಿಷ್ಟು ಎಲೆ ಉಳಿಯುತ್ತಿತ್ತು.

ಒಂದು ದಿನ ಗುಡ್ಡದಲ್ಲಿ ಕಪ್ಪಿಯ ಕೊಂಬು ಎರಡು ಬಂಡೆಗಳ ಸಂದಿಯಲ್ಲಿ ಸಿಕ್ಕಿಕೊಂಡಿತು. ಅದು ಎಳೆದಾಡಿತು, ಕೊಂಬು ಮುರಿಯಿತು. ಕಾಟಮ್ಮ ಗಾಯಕ್ಕೆ ಅರಿಶಿನ ಹಚ್ಚಿ ಬಟ್ಟೆ ಕಟ್ಟಿದಳು. ಗಾಯವೇನೋ ಮಾಯಿತು, ಆದರೆ ಮುರಿದ ಕೊಂಬು ಮತ್ತೆ ಬರಲಿಲ್ಲ.

ಆ ವಾರವೇ ಸುರುಳಿ ಸೊಪ್ಪಿನ ಕಟ್ಟಿಗೆ ಅಡ್ಡ ನಿಂತಿತು.

"ಕಪ್ಪಜ್ಜಿ, ಎರಡು ಕೊಂಬು ಇರುವವರನ್ನು ಕಾಯಿಸಿ ಒಂದು ಕೊಂಬಿನವರು ಮೊದಲು ತಿನ್ನುವುದು ಯಾವ ನ್ಯಾಯ?" ಎಂದು ಕೇಳಿತು.

"ಕೊಂಬಿನ ನ್ಯಾಯವೇ ಆದರೆ ನೀನೇ ಮೊದಲು, ತಾಯಿ" ಎಂದಿತು ಕಪ್ಪಿ. "ತಿನ್ನು. ಆದರೆ ಮುಂದೆ ನಿಲ್ಲುವವರ ಕೆಲಸ ತಿನ್ನುವುದೊಂದೇ ಅಲ್ಲ."

"ಮತ್ತೇನಿದೆ?"

"ಹಳ್ಳ ಬಂದಾಗ ಗೊತ್ತಾಗುತ್ತೆ."

ಸುರುಳಿ ಆ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಅದರ ಬಾಯಿ ಆಗಲೇ ಅಗಸೆ ಸೊಪ್ಪಿನಲ್ಲಿತ್ತು.

ಚುಕ್ಕಿ ಮಾತ್ರ ಸುಮ್ಮನಿರಲಿಲ್ಲ. "ಕಪ್ಪಜ್ಜಿ ಬಿಟ್ಟರೆ ನೀನೇ ಎಂದು ಯಾರು ಹೇಳಿದರು?" ಎಂದು ಹಿಂಗಾಲ ಮೇಲೆ ಎದ್ದು ನಿಂತಿತು. ಸುರುಳಿಯೂ ಎದ್ದು ನಿಂತಿತು. ಎರಡೂ ತಲೆಗಳು ಠಣ್ ಎಂದು ಬಡಿದವು. ಮತ್ತೆ ಎದ್ದವು, ಮತ್ತೆ ಬಡಿದವು. ಕೊನೆಗೆ ಚುಕ್ಕಿ ತಲೆ ತಿರುಗಿ ಕುಳಿತಿತು. ಅಲ್ಲಿಂದ ಸುರುಳಿಯೇ ಮೊದಲಿನದಾಯಿತು.

ಹಿಂಡಿನ ತಲೆ ಬದಲಾದರೆ ತಪ್ಪೇನಿಲ್ಲ. ನನಗೆ ಸಿಟ್ಟು ಬರುವುದು ಸುರುಳಿಯ ಆಮೇಲಿನ ನಡತೆಗೆ. ಅದು ನಾಲ್ಕು ಬಾಯಿ ತಿಂದು ಪಕ್ಕಕ್ಕೆ ನಿಲ್ಲಲಿಲ್ಲ. ಹೊಟ್ಟೆ ತುಂಬಿದ ಮೇಲೂ ಕಟ್ಟಿನ ಮುಂದೆಯೇ ಕಾವಲು ನಿಂತಿತು. ಹತ್ತಿರ ಬಂದ ಚುಕ್ಕಿಗೆ ಗುದ್ದಿತು. ಸುರುಳಿಗೆ ತಿರುಗಿ ಗುದ್ದಲಾಗದ ಚುಕ್ಕಿ ಕೆಂದಿಗೆ ಗುದ್ದಿತು. ಕೆಂದಿ ಮೋಟಿಗೆ ಗುದ್ದಿತು. ಮೋಟಿಗೆ ಗುದ್ದಲು ಯಾರೂ ಇರಲಿಲ್ಲ. ಅದು ಬೇಲಿಯ ಮೂಲೆಗೆ ಹೋಗಿ ನಿಂತಿತು. ಈ ಗದ್ದಲದಲ್ಲಿ ಅರ್ಧ ಕಟ್ಟು ನೆಲಕ್ಕೆ ಉದುರಿ, ಕಾಲ್ತುಳಿತಕ್ಕೆ ಸಿಕ್ಕಿ, ಯಾರಿಗೂ ಸಿಗದೆ ಹಾಳಾಯಿತು.

ದಿನವೂ ಇದೇ ಕತೆ. ಕಪ್ಪಿ ವಯಸ್ಸಾದದ್ದು, ಸ್ವಲ್ಪ ತಿಂದರೂ ಅದಕ್ಕೆ ಸಾಕಾಗುತ್ತಿತ್ತು. ಆದರೆ ಮೋಟಿ ಹೊಸದಾಗಿ ಮರಿ ಹಾಕಿತ್ತು.

ಕಾಟಮ್ಮ ಆ ಮರಿಯನ್ನು ಗುಡ್ಡಕ್ಕೆ ಬಿಡುತ್ತಿರಲಿಲ್ಲ. ಹಗಲೆಲ್ಲ ಒಂದು ಮಂಕರಿಯನ್ನು ಬೋರಲು ಹಾಕಿ, ಮರಿಯನ್ನು ಅದರೊಳಗೆ ಇಟ್ಟು, ಮೇಲೊಂದು ಕಲ್ಲು ಹೇರುತ್ತಿದ್ದಳು. ಬಿದಿರಿನ ಹೆಣಿಗೆಯ ಸಂದಿಯಿಂದ ಮರಿ ತನ್ನ ಮೂತಿ ತೂರಿಸಿ ಅಮ್ಮ ಬರುವ ದಾರಿ ನೋಡುತ್ತಿತ್ತು. ಸಂಜೆ ಮಂಕರಿ ಎತ್ತಿದ ಕೂಡಲೇ ಓಡಿಹೋಗಿ ಮೋಟಿಯ ಕೆಚ್ಚಲಿಗೆ ತಲೆ ಕೊಡುತ್ತಿತ್ತು.

ಕಲ್ಲುಗುಡ್ಡದಲ್ಲಿ ಸಿಗುವ ಮೇವು ಅಷ್ಟಕ್ಕಷ್ಟೇ. ಹೊಟ್ಟೆಗೆ ಸೊಪ್ಪಿಲ್ಲದಿದ್ದರೆ ಕೆಚ್ಚಲಿಗೆ ಹಾಲು ಎಲ್ಲಿಂದ ಬರಬೇಕು? ಒಂದು ಸಂಜೆ ಮರಿ ಎರಡು ಗುಟುಕು ಕುಡಿದು ತಲೆ ಎತ್ತಿತು.

"ಅಮ್ಮಾ, ಇಷ್ಟೇನಾ?"

"ನಾಳೆ ಇನ್ನೂ ಕೊಡ್ತೀನಿ, ಕಂದ" ಎಂದಿತು ಮೋಟಿ. ನಾಳೆ ಎಲ್ಲಿಂದ ಕೊಡಬೇಕೆಂದು ಅದಕ್ಕೇ ಗೊತ್ತಿರಲಿಲ್ಲ.

ಅದು ಹೋಗಿ ಸುರುಳಿಯ ಮುಂದೆ ನಿಂತಿತು. "ಅಕ್ಕಾ, ನನಗಾಗಿ ಕೇಳುತ್ತಿಲ್ಲ. ಮರಿಗೆ ಹಾಲಿಲ್ಲ. ನೀನು ತಿಂದಾದ ಮೇಲೆ ಒಂದು ಹೊತ್ತು ಕಟ್ಟು ಬಿಟ್ಟುಕೊಡು."

"ನಾನು ಮೊದಲಿನವಳು. ಯಾವಾಗ ತಿಂದಾಯಿತು ಎಂದು ನಾನೇ ಹೇಳಬೇಕು. ಇನ್ನೂ ತಿಂದಾಗಿಲ್ಲ" ಎಂದು ಸುರುಳಿ ಅದರ ಹೊಟ್ಟೆಗೆ ಗುದ್ದಿತು.

ಮಂಕರಿ ಎತ್ತಲು ಬಂದಿದ್ದ ಕಾಟಮ್ಮ ಅದನ್ನು ಕಂಡಳು. ಮೋಟಿಯ ಬೆನ್ನು ಸವರಿ ನೋಡಿದಳು. "ಅಯ್ಯೋ ನನ್ ಶಿವನೇ, ಪಕ್ಕೆಲುಬೆಲ್ಲಾ ಕೈಗೆ ಸಿಕ್ತಾವಲ್ಲೇ ಇದರವು! ಈ ಸುರುಳಿ ದೌಲತ್ತು ಬಾಳ ಆಯ್ತು, ತಾಳು" ಎಂದಳು.

ಕಾಟಮ್ಮ ಸುರುಳಿಗೆ ಬಾರುಕೋಲು ತೋರಿಸಲಿಲ್ಲ. ಗುದ್ದುವ ಮೇಕೆಗೆ ಹೊಡೆದರೆ ಅದು ಆ ಹೊಡೆತವನ್ನೂ ಹೋಗಿ ಮುಂದಿನ ಮೇಕೆಗೇ ಕೊಡುತ್ತದೆ, ಅದು ಅವಳಿಗೆ ಗೊತ್ತಿತ್ತು. ಮರುದಿನ ಅವಳು ಅಷ್ಟೇ ಸೊಪ್ಪು ತಂದಳು. ಆದರೆ ಒಂದು ದೊಡ್ಡ ಕಟ್ಟಿನ ಬದಲು ಸಣ್ಣ ಸಣ್ಣ ಕಟ್ಟು ಮಾಡಿ, ರೊಪ್ಪದ ಸುತ್ತ ದೂರ ದೂರ ನೇತುಹಾಕಿದಳು. ಮೇಕೆಗಳಿಗಿಂತ ಒಂದು ಕಟ್ಟು ಹೆಚ್ಚೇ ಇತ್ತು.

ಸುರುಳಿ ಎಂದಿನಂತೆ ಬಾಗಿಲ ಹತ್ತಿರದ ಕಟ್ಟಿಗೆ ಬಾಯಿ ಹಾಕಿತು. ಅಷ್ಟರಲ್ಲಿ ಆ ಮೂಲೆಯಲ್ಲಿ ಚುಕ್ಕಿ ತಿನ್ನುವುದು ಕಂಡಿತು.

"ಏಯ್ ಚುಕ್ಕಿ! ಅದು ನನ್ನದು!" ಎಂದು ಓಡಿತು.

ಚುಕ್ಕಿ ಜಾಗ ಬಿಟ್ಟು ಬಾಗಿಲ ಹತ್ತಿರದ ಕಟ್ಟಿಗೆ ಹೋಯಿತು. ಸುರುಳಿ ತಿರುಗಿ ನೋಡಿದರೆ ಕೆಂದಿ ಇನ್ನೊಂದು ಕಟ್ಟಿನಲ್ಲಿತ್ತು.

"ಕೆಂದೀ! ಅದೂ ನನ್ನದು!"

ಕೆಂದಿ ಎಲೆ ಅಗಿಯುತ್ತಲೇ ಪಕ್ಕದ ಕಟ್ಟಿಗೆ ನಡೆಯಿತು. ಸುರುಳಿ ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಓಡಿತು. ಅದು ಓಡುತ್ತಿದ್ದಷ್ಟು ಹೊತ್ತೂ ಉಳಿದವು ನೆಮ್ಮದಿಯಾಗಿ ತಿಂದವು. ಕೊನೆಗೆ ಎಲ್ಲ ಕಟ್ಟುಗಳೂ ಸುರುಳಿಯವೇ ಆದವು, ಅವುಗಳಲ್ಲಿ ಎಲೆ ಮಾತ್ರ ಇರಲಿಲ್ಲ. ಅಂದು ಆ ರೊಪ್ಪದಲ್ಲಿ ಅರೆಹೊಟ್ಟೆಯಲ್ಲಿ ಮಲಗಿದ್ದು ಅದೊಂದೇ.

ಮೋಟಿಯ ಮರಿ ಹೊಟ್ಟೆ ತುಂಬ ಹಾಲು ಕುಡಿದು, ಕುಡಿಯುತ್ತಲೇ ನಿದ್ದೆ ಹೋಯಿತು.

ಕತೆ ಇಲ್ಲಿಗೇ ಮುಗಿಯಬಹುದಿತ್ತು. ಆದರೆ ಸುರುಳಿಗೆ ಇದರಿಂದ ಬುದ್ಧಿ ಬರಲಿಲ್ಲ, ಸಿಟ್ಟು ಬಂತು. "ರೊಪ್ಪ ಕಾಟಮ್ಮನದು. ಗುಡ್ಡದಲ್ಲಿ ಯಾರು ಮೊದಲು ಎಂದು ತೋರಿಸುತ್ತೇನೆ" ಎಂದುಕೊಂಡಿತು.

ತೋರಿಸಿಯೂ ತೋರಿಸಿತು. ಮೊದಲ ಚಿಗುರು ತನಗೆ, ಬಂಡೆಯ ನೆರಳು ತನಗೆ. ಗುಡ್ಡದ ನೆತ್ತಿಯಲ್ಲಿ ಒಂದು ಎತ್ತರದ ಗುಂಡು ಬಂಡೆ ಇತ್ತು. ಮೇಕೆಗಳಿಗೆ ಎತ್ತರವೆಂದರೆ ಪ್ರಾಣ. ಮೊದಲೆಲ್ಲ ಸರದಿಯಲ್ಲಿ ಹತ್ತಿ ನಿಲ್ಲುತ್ತಿದ್ದವು, ಈಗ ಯಾರು ಹತ್ತಿದರೂ ಸುರುಳಿ ಕೆಳಗೆ ತಳ್ಳುತ್ತಿತ್ತು. ಯಾರೂ ಎದುರಾಡಲಿಲ್ಲ.

ಹೀಗಿರುವಾಗ ಒಂದು ಮಧ್ಯಾಹ್ನ ಗುಡ್ಡದ ಹಿಂದೆ ದೂರದಲ್ಲಿ ಕಪ್ಪು ಮೋಡ ಕಟ್ಟಿತು. ಇವು ಮೇಯುತ್ತಿದ್ದಲ್ಲಿ ಒಂದು ಹನಿಯೂ ಬೀಳಲಿಲ್ಲ. ಸಂಜೆ ಗುಡ್ಡ ಇಳಿದು ಬಂದು ನೋಡಿದರೆ, ಬೆಳಿಗ್ಗೆ ಬರೀ ಮರಳಿದ್ದ ಹಳ್ಳದಲ್ಲಿ ಕೆಂಪು ನೀರು ನೊರೆ ಹೊತ್ತು ಹರಿಯುತ್ತಿತ್ತು.

ನೀರು ಇನ್ನೂ ಮೇಕೆಯ ಮೊಣಕಾಲಿನಷ್ಟೇ ಇತ್ತು. ದಾಟಬಹುದಿತ್ತು. ಆದರೆ ಮೇಕೆಗೆ ನೀರೆಂದರೆ ಭಯ. ಒಂದು ಇಳಿದರೆ ಎಲ್ಲವೂ ಇಳಿಯುತ್ತವೆ. ಆ ಒಂದು ಇಳಿಯದಿದ್ದರೆ ಎಲ್ಲವೂ ನಿಂತಲ್ಲೇ ನಿಲ್ಲುತ್ತವೆ. ಇಷ್ಟು ವರ್ಷ ಆ ಒಂದು ಯಾರೆಂಬುದರ ಬಗ್ಗೆ ಯಾರೂ ಯೋಚಿಸಿರಲಿಲ್ಲ. ಕಪ್ಪಜ್ಜಿ ಮೊದಲು ಇಳಿಯುತ್ತಿತ್ತು, ಉಳಿದವು ಅದರ ಬಾಲ ನೋಡುತ್ತ ದಾಟುತ್ತಿದ್ದವು. ಕಪ್ಪಜ್ಜಿಯ ನಾಲ್ಕು ಬಾಯಿ ಚಿಗುರನ್ನು ಲೆಕ್ಕ ಹಾಕಿದ ಸುರುಳಿ ಇದನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಈಗ ಎಲ್ಲವೂ ಸುರುಳಿಯ ಮುಖ ನೋಡಿದವು.

"ಏನು ನೋಡುತ್ತೀರಿ? ಚುಕ್ಕಿ, ನೀನು ಇಳಿ" ಎಂದಿತು ಸುರುಳಿ.

"ನಾನ್ಯಾಕೆ? ಊಟಕ್ಕೆ ನೀನು ಮೊದಲು, ನೀರಿಗೆ ನಾನು ಮೊದಲಾ?" ಎಂದಿತು ಚುಕ್ಕಿ.

"ಮೊದಲಿನವಳು ನಾನು. ನನಗೇ ಏನಾದರೂ ಆದರೆ ನಿಮ್ಮ ಗತಿ ಏನು? ಕೆಂದಿ, ನೀನಾದರೂ ಹೋಗೇ."

"ಚುಕ್ಕಿ ಹೋಗಲಿ, ಆಮೇಲೆ ನೋಡೋಣ" ಎಂದಿತು ಕೆಂದಿ.

"ಕಪ್ಪಜ್ಜಿ, ಎಂದಿನ ಹಾಗೆ ನೀನೇ ಹೋಗಬಾರದೇ?" ಎಂದು ಸುರುಳಿ ದನಿ ಮೆತ್ತಗೆ ಮಾಡಿತು.

"ನನ್ನ ಕಾಲಲ್ಲಿ ಮೊದಲಿನ ಬಲವಿಲ್ಲ" ಎಂದಿತು ಕಪ್ಪಿ. "ನಾನು ಮುಂದೆ ಹೋಗಿ ನಡುನೀರಲ್ಲಿ ಬಿದ್ದರೆ ನಿಮ್ಮಲ್ಲಿ ಯಾರೂ ಮತ್ತೆ ಕಾಲಿಡುವುದಿಲ್ಲ. ದಾರಿ ಹೇಳುತ್ತೇನೆ, ಇಳಿಯುವವರು ನೀವು."

ಮತ್ತೆ ಚುಕ್ಕಿ ಸುರುಳಿಯನ್ನು ಬೈದಿತು. ಸುರುಳಿ ಚುಕ್ಕಿಗೆ ಗುದ್ದಿತು. ಚುಕ್ಕಿ ಕೆಂದಿಗೆ ಗುದ್ದಿತು. ಅವು ಗುದ್ದಾಡುತ್ತಿರಲಿ ಎಂದು ಹಳ್ಳ ಕಾಯುತ್ತದೆಯೇ? ನೀರು ಮೊಣಕಾಲು ಬಿಟ್ಟು ಮೇಲಕ್ಕೆ ಬಂತು.

ಆಚೆ ದಡದಲ್ಲಿ ಕಾಟಮ್ಮ ಬಂದು ನಿಂತು ಕೂಗಿದಳು. "ಬರ್ರೇ! ಬಿರ್ರನೆ ಬರ್ರೇ! ನೀರು ಇನ್ನೂ ಏರ್ತೈತೆ!"

ಅವಳೇ ಬಂದು ಒಂದನ್ನು ಎಳೆದೊಯ್ಯಬಹುದಿತ್ತು. ಆದರೆ ಹೆದರಿದ ಮೇಕೆಯನ್ನು ನೀರಿಗೆ ಎಳೆದರೆ ಉಳಿದವು ಬೆದರಿ ಗುಡ್ಡಕ್ಕೆ ಓಡುತ್ತವೆ. ಒಂದಾದರೂ ತಾನಾಗಿ ಇಳಿಯಬೇಕು. ಕಾಟಮ್ಮ ಒಂದು ಗಳಿಗೆ ಯೋಚಿಸಿ ಮನೆಯತ್ತ ಓಡಿದಳು. ಮಂಕರಿ ಎತ್ತಿ ಮರಿಯನ್ನು ಎದೆಗೆ ಅವುಚಿಕೊಂಡು ಮತ್ತೆ ದಡಕ್ಕೆ ಬಂದಳು.

ಮರಿಗೆ ಆಚೆ ದಡದಲ್ಲಿ ಅಮ್ಮ ಕಂಡಿತು.

"ಅಮ್ಮಾ! ಹಸಿವು!"

ಮೋಟಿ ಎಲ್ಲರಿಗಿಂತ ಹಿಂದೆ, ತನ್ನ ಎಂದಿನ ಜಾಗದಲ್ಲಿ ನಿಂತಿತ್ತು. ಅದಕ್ಕೂ ನೀರೆಂದರೆ ಭಯವೇ. ಆದರೂ ಅದು ಕೆಂದಿಯನ್ನು ಸುತ್ತಿಬಳಸಿ, ಚುಕ್ಕಿಯ ಪಕ್ಕದಿಂದ ತೂರಿ, ಸುರುಳಿಯ ಮುಂದಕ್ಕೆ ಬಂತು.

"ಏನೇ ಇದು, ನನ್ನ ಮುಂದೆ ಹೋಗ್ತೀಯಾ?" ಎಂದಿತು ಸುರುಳಿ.

"ನೀನು ಹೋಗುತ್ತೀಯಾದರೆ ಹೋಗು, ನಿನ್ನ ಹಿಂದೆ ಬರ್ತೀನಿ" ಎಂದಿತು ಮೋಟಿ.

ಸುರುಳಿ ಹೋಗಲಿಲ್ಲ. ಮೋಟಿ ನೀರಿಗೆ ಇಳಿಯಿತು.

"ಆ ನಡುವಿನ ಬಿಳಿ ಬಂಡೆಗೆ ಮೇಲ್ಗಡೆಯಿಂದ ನಡಿ ಮಗಳೇ, ಕೆಳಗಡೆ ಗುಂಡಿ ಇದೆ!" ಎಂದು ಕಪ್ಪಿ ದಡದಿಂದ ಕೂಗಿತು. "ನೀರು ಬರುವ ಕಡೆಗೆ ಮೈ ವಾಲಿಸು! ನಿಲ್ಲಬೇಡ!"

ನೀರು ಮೋಟಿಯ ಹೊಟ್ಟೆಗೆ ಬಡಿಯಿತು. ನಡುವೆ ಒಮ್ಮೆ ಕಾಲು ಜಾರಿತು. ಮೋಟಿ ಸಾವರಿಸಿಕೊಂಡು, ಬಿಳಿ ಬಂಡೆ ದಾಟಿ, ಆಚೆ ದಡದ ಮರಳಿಗೆ ಕಾಲಿಟ್ಟಿತು. ಕಾಟಮ್ಮ ಮರಿಯನ್ನು ಕೆಳಗೆ ಬಿಟ್ಟಳು. ಅಮ್ಮನಿಗೆ ಮೈ ಕೊಡವಿಕೊಳ್ಳುವುದಕ್ಕೂ ಬಿಡದೆ ಅದು ಕೆಚ್ಚಲಿಗೆ ಬಾಯಿ ಹಾಕಿತು.

ಒಂದು ಇಳಿದರೆ ಎಲ್ಲವೂ ಇಳಿಯುತ್ತವೆ ಎಂದೆನಲ್ಲ? ಕೆಂದಿ ಇಳಿಯಿತು, ಅದರ ಹಿಂದೆಯೇ ಚುಕ್ಕಿ. ಕಪ್ಪಿ ನೀರಿಗೆ ಕಾಲಿಡುವ ಮೊದಲು ತಿರುಗಿ ನೋಡಿತು.

"ಬಾ ಸುರುಳಿ. ನನ್ನ ಬೆನ್ನಿಗೇ ಬಾ. ತಡ ಮಾಡಬೇಡ."

"ಮೋಟಿ ಮುಂದೆ, ನಾನು ಕೊನೆಗೆ? ನೋಡಿದವರು ಏನಂದಾರು?"

"ಇಲ್ಲಿ ನೋಡುವವರು ಯಾರಿದ್ದಾರೆ ಮಗಳೇ?"

"ನಾನು ಯಾರ ಬಾಲದ ಹಿಂದೆಯೂ ಬರುವವಳಲ್ಲ" ಎಂದು ಸುರುಳಿ ಮುಖ ತಿರುಗಿಸಿತು.

ಕಪ್ಪಿ ಎದೆಮಟ್ಟ ನೀರಿನಲ್ಲಿ ನಡುಗುತ್ತ ದಾಟಿತು. ಕೊನೆಯಲ್ಲಿ ಕಾಟಮ್ಮ ನೀರಿಗಿಳಿದು, ಅದರ ಉಳಿದ ಒಂದು ಕೊಂಬನ್ನು ಹಿಡಿದು ದಡಕ್ಕೆ ಎಳೆದುಕೊಂಡಳು. ಅಷ್ಟರಲ್ಲಿ ಬಿಳಿ ಬಂಡೆ ಪೂರ್ತಿ ಮುಳುಗಿತು. ಕಾಟಮ್ಮ "ಸುರುಳೀ, ಸುರುಳೀ" ಎಂದು ಗಂಟಲು ಕಟ್ಟುವ ತನಕ ಕೂಗಿದಳು. ಈಗ ಸುರುಳಿಗೂ ಬರಬೇಕು ಎನ್ನಿಸಿತು, ಆದರೆ ದಾರಿ ಇರಲಿಲ್ಲ.

ಸುರುಳಿ ಗುಡ್ಡಕ್ಕೆ ಮರಳಿ ಎತ್ತರದ ಗುಂಡಿನ ಮೇಲೆ ನಿಂತಿತು. ಗುಂಡು ಈಗ ಪೂರ್ತಿ ಅದರದೇ. ಚಿಗುರೂ ಅದರದೇ. ಕೆಳಗೆ ತಳ್ಳಲು ಯಾರೂ ಇರಲಿಲ್ಲ. ಎಲ್ಲೋ ನರಿಗಳು ಊಳಿಟ್ಟವು. ಮೈ ತಾಗಿಸಿ ಮಲಗಲು ಒಂದು ಮೇಕೆಯೂ ಇಲ್ಲದೆ ಸುರುಳಿ ಬೆಳಗಿನ ತನಕ ಕೂಗುತ್ತಲೇ ಇತ್ತು. ಪಾಪ, ಅದರ ಜಂಬಕ್ಕೆ ನನಗೆ ಎಷ್ಟು ಸಿಟ್ಟಿದ್ದರೂ ಆ ಕೂಗು ನೆನೆದರೆ ಕರುಳು ಚುರ್ ಎನ್ನುತ್ತದೆ.

ಬೆಳಗಾಗುವಷ್ಟರಲ್ಲಿ ಹಳ್ಳ ಇಳಿದಿತ್ತು. ಬಿಳಿ ಬಂಡೆಯ ಪಕ್ಕದಲ್ಲಿ ಗೊರಸು ಮುಳುಗುವಷ್ಟೇ ನೀರು. ಕೋಳಿಮರಿಯೂ ದಾಟಬಹುದಿತ್ತು. ಆದರೂ ಸುರುಳಿ ಆಚೆ ದಡದಲ್ಲಿ ನಿಂತೇ ಇತ್ತು. ಒಂದು ಕಾಲು ಮುಂದಿಡುತ್ತಿತ್ತು, ಹಿಂದಕ್ಕೆ ತೆಗೆಯುತ್ತಿತ್ತು. ಅದು ಹುಟ್ಟಿದಾಗಿನಿಂದ ಒಮ್ಮೆಯೂ ಮೊದಲು ನೀರಿಗೆ ಇಳಿದಿರಲಿಲ್ಲ.

ಕಾಟಮ್ಮ ರೊಪ್ಪದ ಬಾಗಿಲು ತೆಗೆದಳು. ಮೋಟಿ ನೇರವಾಗಿ ಹಳ್ಳದ ಕಡೆ ನಡೆಯಿತು.

"ಎಲ್ಲಿಗೇ?" ಎಂದಿತು ಚುಕ್ಕಿ. "ಇರಲಿ ಬಿಡು ಇನ್ನೊಂದು ದಿನ. ನಿನ್ನ ಹೊಟ್ಟೆಗೆ ಗುದ್ದಿದ್ದು ಅದೇ ಅಲ್ವಾ?"

"ಗುದ್ದಿದ್ದು ಮರೆತಿಲ್ಲ" ಎಂದಿತು ಮೋಟಿ. "ಆದರೆ ರಾತ್ರಿಯೆಲ್ಲ ಅದು ಕೂಗಿದ್ದು ಕೇಳಿಸಿತು. ಮಂಕರಿಯೊಳಗೆ ನನ್ನ ಮರಿಯೂ ಹಾಗೇ ಕೂಗುತ್ತೆ."

ಮೋಟಿ ಹಳ್ಳ ದಾಟಿ ಸುರುಳಿಯ ಎದುರು ನಿಂತಿತು. ಬೈಯಲೂ ಇಲ್ಲ, ಸಮಾಧಾನ ಹೇಳಲೂ ಇಲ್ಲ. ಹಿಂದಿರುಗಿ ಮೆಲ್ಲಗೆ ನೀರಿಗಿಳಿಯಿತು. ಯಾರ ಬಾಲದ ಹಿಂದೆಯೂ ಬರುವವಳಲ್ಲ ಎಂದಿದ್ದ ಸುರುಳಿ, ಮೋಟಿಯ ಬಾಲಕ್ಕೆ ಮೂಗು ತಾಗಿಸಿಕೊಂಡೇ ಹಳ್ಳ ದಾಟಿತು.

ರೊಪ್ಪದಲ್ಲಿ ಕಾಟಮ್ಮ ಅಂದು ಬೆಳಿಗ್ಗೆಯೇ ಸೊಪ್ಪು ಕಟ್ಟಿದ್ದಳು. ಬಾಗಿಲ ಹತ್ತಿರದ ಕಟ್ಟು ಎಳೆಯ ಅಗಸೆ ಸೊಪ್ಪಿನದು. ಹಸಿದಿದ್ದ ಸುರುಳಿ ಅಭ್ಯಾಸದಂತೆ ಅದರ ಮುಂದೆ ಹೋಗಿ ನಿಂತಿತು. ಚುಕ್ಕಿ ತಲೆ ತಗ್ಗಿಸಿ ಗುದ್ದಲು ಸಿದ್ಧವಾಯಿತು. ಕೆಂದಿಯೂ ಚುಕ್ಕಿಯ ಪಕ್ಕಕ್ಕೆ ಬಂದು ನಿಂತಿತು.

"ಬಿಡ್ರೇ, ತಿನ್ನಲಿ" ಎಂದಿತು ಮೋಟಿ, ಮರಿಗೆ ಹಾಲು ಕೊಡುತ್ತಲೇ. "ಮೊದಲ ಕಟ್ಟು ಬೇಕಾದರೆ ತಿನ್ನು ಸುರುಳಕ್ಕ. ಅಗೋ, ಗುಡ್ಡದ ಹಿಂದೆ ಮತ್ತೆ ಮೋಡ ಕಟ್ಟುತ್ತಿದೆ. ಸಂಜೆ ಹಳ್ಳ ಬಂದರೆ ನೀನೇ ಮುಂದೆ ಇಳಿ."

ಸುರುಳಿ ಕತ್ತೆತ್ತಿ ನೋಡಿತು. ಗುಡ್ಡದ ಹಿಂದೆ ಮೋಡ ಕಪ್ಪಗೆ ಏರುತ್ತಿತ್ತು. ಎಳೆಯ ಅಗಸೆ ಸೊಪ್ಪಿನ ವಾಸನೆ ಮೂಗಿಗೆ ಬಡಿಯುತ್ತಿತ್ತು. ಅದು ಒಮ್ಮೆ ಸೊಪ್ಪು ನೋಡಿತು, ಒಮ್ಮೆ ಮೋಡ ನೋಡಿತು. ಆಮೇಲೆ ಯಾರಿಗೂ ಗುದ್ದದೆ, ಬೇಲಿಯ ಮೂಲೆಯಲ್ಲಿದ್ದ ಕೊನೆಯ ಕಟ್ಟಿನ ಕಡೆ ನಡೆಯಿತು.

ನೀತಿ: ಮೊದಲ ತುತ್ತು ತನಗೇ ಬೇಕು ಎನ್ನುವವರು ಕಷ್ಟದಲ್ಲಿ ಮೊದಲ ಹೆಜ್ಜೆಯನ್ನೂ ತಾವೇ ಇಡಬೇಕು.